ಅವ್ವ ಹೇಳಿದ ಹೆಸರು

ಅವ್ವ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಅವಳ ಎಲೆಅಡಿಕೆ ಸಂಚಿ. ತಮ್ಮನ ಹೆಂಡತಿ ಅದನ್ನು ತೊಳೆಯದೆ ಹಾಗೇ ಕೊಟ್ಟಳು, ಒಳ್ಳೆಯದೇ ಆಯಿತು. ಸುಣ್ಣದ ಡಬ್ಬಿ, ಒಣಗಿ ಪುಡಿಯಾದ ಎರಡು ಎಲೆ, ತುಕ್ಕು ಹಿಡಿದ ಪಿನ್ನು. ಎಲ್ಲಕ್ಕಿಂತ ಒಳಗಿನ ಅರೆಯಲ್ಲಿ ನಾಲ್ಕು ಮಡಿಕೆಯ ಒಂದು ದವಾಖಾನೆ ಚೀಟಿ. ಹುಮನಾಬಾದಿನಲ್ಲಿ ನಾನು ಕೆಲಸ ಮಾಡುವ ಖಾಸಗಿ ದವಾಖಾನೆಯದೇ ಚೀಟಿ. ಅಕ್ಷರವೂ ನನ್ನದೇ.

ಹೆಸರು ಕಾಶಮ್ಮ. ವಯಸ್ಸು ಎಪ್ಪತ್ತೊಂದು. ಊರು ಕೊಡಂಬಲ. ಗಂಡನ ಹೆಸರು ಬಸವಂತಪ್ಪ. ತೊಂದರೆ ಎನ್ನುವ ಕಡೆ ಬರೀ 'ಸು' ಎಂದಿದೆ.

'ಸು' ಎಂದರೆ ಸುಸ್ತು. ನಮ್ಮಲ್ಲಿಗೆ ಬರುವ ಹೆಣ್ಣುಮಕ್ಕಳಲ್ಲಿ ಅರ್ಧ ಮಂದಿ ಹೇಳುವುದು ಅದನ್ನೇ. ದಿನವಿಡೀ ಪೂರ್ತಿ ಬರೆದರೆ ಕೈ ನೋಯುತ್ತದೆಂದು ನಾನೇ ಕಂಡುಹಿಡಿದುಕೊಂಡ ಗುರುತು ಅದು. ಜ್ವರಕ್ಕೆ 'ಜ್ವ', ಹೊಟ್ಟೆನೋವಿಗೆ 'ಹೊ'. ಹೀಗೆ ನಾನು ಹೆತ್ತ ತಾಯಿಯ ಮುಂದೆ ಕೂತು ಅವಳ ದಣಿವನ್ನು ಒಂದಕ್ಷರದಲ್ಲಿ ಮುಗಿಸಿ ಕಳಿಸಿದ್ದೇನೆ. ಕಳಿಸಿದ್ದು ನನಗೆ ನೆನಪಿಲ್ಲ. ಅವಳ ಮುಖ ನೆನಪಿಲ್ಲ, ಏಕೆಂದರೆ ನಾನು ನೋಡಿಯೇ ಇಲ್ಲ.

ನನಗೆ ಮರೆವಿನ ರೋಗ ಇದೆ ಎಂದು ತಿಳಿಯಬೇಡಿ. ಎರಡನೆಯ ಇಯತ್ತೆಯಲ್ಲಿ ನನ್ನ ಬಳಪ ಕದ್ದವಳ ಹೆಸರು, ಅವಳು ಅವತ್ತು ಕಟ್ಟಿದ್ದ ರಿಬ್ಬನ್ನಿನ ಬಣ್ಣ, ಸಿಕ್ಕಿಬಿದ್ದಾಗ ಅವಳು ಬಳಪವನ್ನು ಕಟಕ್ಕನೆ ಕಡಿದು ನುಂಗಿದ್ದು ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಬೇಕಾದ್ದಕ್ಕೂ ಬೇಡದ್ದಕ್ಕೂ ಜಾಗವಿರುವ ತಲೆ ಇದು. ಈ ಒಂದು ಚೀಟಿಗೆ ಮಾತ್ರ ಅಲ್ಲಿ ಜಾಗ ಸಿಕ್ಕಿಲ್ಲ.

ಆ ಚೀಟಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಗಂಡನ ಹೆಸರಿನ ಸಾಲು. ಯಾಕೆಂದು ತಿಳಿಯಬೇಕಾದರೆ ನಿಮಗೆ ನಮ್ಮ ಅವ್ವನ ಬಗ್ಗೆ ಸ್ವಲ್ಪ ಹೇಳಬೇಕು.

ಹಳೆಯ ಕಾಲದ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ, ಇದು ನಿಮಗೆ ಗೊತ್ತಿದ್ದದ್ದೇ. ಮದುವೆ ಮನೆಗಳಲ್ಲಿ ಒಡಪು ಕಟ್ಟಿ, ಅದರಲ್ಲಿ ಹೆಸರು ಮುಚ್ಚಿಟ್ಟು ಹೇಳುವ ರಿವಾಜಾದರೂ ಇದೆ. ನಮ್ಮವ್ವನಿಗೆ ಅದೂ ಆಗುತ್ತಿರಲಿಲ್ಲ. ಒಡಪಿನ ಸರದಿ ತನ್ನ ಹತ್ತಿರ ಬರುತ್ತಿದೆ ಎನ್ನುವಾಗ, ಯಾರದೇ ಮನೆಯಾಗಲಿ, "ಹಾಲ ಉಕ್ಕಾಕತ್ತಾವ" ಎಂದು ಒಳಗೆ ಓಡುತ್ತಿದ್ದಳು. ಅಪ್ಪನ ಹೆಸರು ಬಸವಂತಪ್ಪ. ಅದರಲ್ಲಿ ಬಸವ ಇದ್ದುದರಿಂದ ಅವ್ವನ ಪಾಲಿಗೆ ಅರ್ಧ ಜಗತ್ತೇ ಬಾಯಿಂದ ಹೊರಗಾಗಿತ್ತು. ಎತ್ತನ್ನು ಊರೆಲ್ಲ ಬಸವಣ್ಣ ಎಂದರೆ ಇವಳು 'ದೇವ್ರು' ಎನ್ನುತ್ತಿದ್ದಳು. ಪಕ್ಕದ ಮನೆಯ ಬಸಮ್ಮನನ್ನು ನಲವತ್ತು ವರ್ಷ 'ಮೂಲಿಮನಿಯಾಕಿ' ಎಂದೇ ಕರೆದಳು. ಬಸಮ್ಮನಿಗೆ ಅದು ಸಿಟ್ಟು, ಹೇಳಿದರೂ ಪ್ರಯೋಜನವಿಲ್ಲ. ನನ್ನನ್ನು ಬಸವಕಲ್ಯಾಣಕ್ಕೆ ಕೊಟ್ಟಾಗ ಮಾತ್ರ ಪಾರಾದಳು. ಈ ಕಡೆ ಎಲ್ಲರೂ ಬರೀ ಕಲ್ಯಾಣ ಎನ್ನುವುದರಿಂದ "ಮಗಳಿಗಿ ಕಲ್ಯಾಣಕ್ಕ ಕೊಟ್ಟೀವ್ರಿ" ಎಂದು ರಾಜಾರೋಷವಾಗಿ ಹೇಳಬಹುದಾಗಿತ್ತು.

ಹೆಸರು ಹೇಳಲೇಬೇಕಾದ ಕಡೆ ಅವಳ ಬಾಯಿ ನಾನು. ಜನಗಣತಿಗೆ ಬಂದ ಮಾಸ್ತರರ ಮುಂದೆ, ಎಮ್ಮೆಗೆ ಸೂಜಿ ಹಾಕಿಸುವ ಕಡೆ, ರೇಷನ್ ಅಂಗಡಿಯಲ್ಲಿ, ಎಲ್ಲಿಗೆ ಹೋದರೂ ನನ್ನ ಕೈ ಹಿಡಿದೇ ಹೋಗುತ್ತಿದ್ದಳು. ಅಲ್ಲಿ ಗಂಡನ ಹೆಸರೇನು ಎಂದು ಕೇಳಿದ ಕೂಡಲೇ ಮೊಣಕೈಯಿಂದ ನನ್ನನ್ನು ಮೆಲ್ಲಗೆ ತಿವಿದು, "ಹೇಳವ್ವ, ನಿಮ್ಮಪ್ಪನ ಹೆಸರ" ಎಂದು ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದಳು. ನಾನು ಎದೆ ಉಬ್ಬಿಸಿ, ಅಂಗಡಿ ಅದುರುವ ಹಾಗೆ, "ಬಸವಂತಪ್ಪ!" ಎನ್ನುತ್ತಿದ್ದೆ. ಕೇಳದಿದ್ದರೂ ಅಜ್ಜನ ಹೆಸರು, ಮನೆತನದ ಹೆಸರು ಸೇರಿಸುತ್ತಿದ್ದೆ. ಆರು ವರ್ಷದವಳಿಗೆ ಮನೆಯಲ್ಲಿ ಅಷ್ಟು ದೊಡ್ಡ ಹುದ್ದೆ ಸಿಕ್ಕರೆ ಸೊಕ್ಕು ಬರುವುದಿಲ್ಲವೇ?

ಬಂತು. ಒಂದು ಸಲ ರೇಷನ್ ಅಂಗಡಿಯಲ್ಲಿ ಅವ್ವ ತಿವಿದಾಗ ನಾನು ಬಾಯಿ ಬಿಡಲಿಲ್ಲ. ಅಂಗಡಿಯವನು ಪೆನ್ನು ಹಿಡಿದು ಕಾಯುತ್ತಿದ್ದ. ಹಿಂದೆ ಸೀಮೆಎಣ್ಣೆ ಡಬ್ಬಿ ಹಿಡಿದವರ ಸಾಲು. ಅವ್ವ ಇನ್ನೊಮ್ಮೆ ತಿವಿದಳು. ನಾನು ಛಾವಣಿ ನೋಡಿದೆ. ಅವಳ ಮುಖ ಕೆಂಪಾಯಿತು, ಆದರೆ ಕಣ್ಣಿನಲ್ಲಿ ನಗು. ಬಗ್ಗಿ ನನ್ನ ಕಿವಿಯಲ್ಲಿ, "ಹೇಳ ನಮ್ಮವ್ವ, ಮಾನ ಕಳೀಬ್ಯಾಡ. ನಾಕ ಬತ್ತಾಸ ಕೊಡಿಸ್ತೀನಿ" ಎಂದಳು. "ಎಂಟ" ಎಂದೆ. ಆರಕ್ಕೆ ಒಪ್ಪಂದವಾಯಿತು. ಅಂದಿನಿಂದ ಇದು ನಮ್ಮಿಬ್ಬರ ಆಟವೇ ಆಗಿಬಿಟ್ಟಿತು. ಬಾಯಿ ಮುಚ್ಚಿಕೊಂಡು ನಾನು ನಿಲ್ಲುವುದು, ನನ್ನ ಮುಖ ನೋಡುತ್ತಾ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳು ನಿಲ್ಲುವುದು. ಕೊನೆಗೆ ಗೆಲ್ಲುವುದು ಯಾವಾಗಲೂ ನಾನೇ.

ಅಪ್ಪನ ಮಾತು ಬಂತಲ್ಲ, ಅವನ ಒಂದು ವಿದ್ಯೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಿತ್ತನೆಯ ಹದ ಕೈತಪ್ಪುತ್ತಿದ್ದರೂ ಸರಿ, ಅವತ್ತು ನೊಗ ಗೋಡೆಗೆ ಒರಗಿರಬೇಕು. ಉಳಿದ ಆರು ದಿನವೂ ಅಪ್ಪ ಹೊಲದಿಂದ ಬಂದವನೇ ಕೈಕಾಲು ತೊಳೆಯುವ ಮೊದಲು ಎತ್ತಿನ ಎದುರು ಕುಕ್ಕರಗಾಲಲ್ಲಿ ಕೂತು ಅದರ ಬಾಯಿ ನೋಡುತ್ತಿದ್ದ. "ದಣಿದದ್ದು ಕಾಲಾಗ ಕಾಣಂಗಿಲ್ಲವ್ವ. ಕಾಲ ನಡೀತಾವ. ಬಾಯಿ ನೋಡಬೇಕು, ಮೆಲಕಾಡಾಕತ್ತದ ಇಲ್ಲ ಅಂತ" ಎನ್ನುತ್ತಿದ್ದ. ಮೇವು ತಿಂದು ಸುಮ್ಮನೆ ನಿಂತರೆ, ದವಡೆ ಆಡದಿದ್ದರೆ, ಮರುದಿನ ಆ ಎತ್ತಿಗೆ ಕೆಲಸವಿಲ್ಲ. ಒಮ್ಮೆ ತೊಗರಿ ಬಿತ್ತುವಾಗ ಅರ್ಧ ಹೊಲಕ್ಕೇ ಬಿಟ್ಟು ಬಂದ. ಊರವರು ನಕ್ಕರು. "ಅದು ಬೀಳೂ ತನಾ ನಡೀತದ್ರಿ, ತಾನಾಗಿ ಹೇಳಂಗಿಲ್ಲ. ನಾವೇ ನೋಡಬೇಕು" ಎಂದ.

ಅಂಥ ಅಪ್ಪನಿಗೂ ಅವ್ವನ ಬಾಯಿ ನೋಡಬೇಕೆಂದು ತೋಚಲಿಲ್ಲ. ಎತ್ತಿಗೆ ರಜೆಯಾದ ಸೋಮವಾರ ಅವಳಿಗೆ ಹೆಚ್ಚು ಕೆಲಸ. ಎತ್ತಿನ ಮೈ ತೊಳೆಯಲು ನೀರು ಸೇದಬೇಕು, ಕೊಟ್ಟಿಗೆ ಸಾರಿಸಬೇಕು, ಎತ್ತಿಗೂ ನಮಗೂ ಹೋಳಿಗೆ ಮಾಡಬೇಕು. ಅವಳು ಕೂತದ್ದು ನೋಡಿದ ನೆನಪು ನನಗೆ ಕಡಿಮೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಎತ್ತು ಮಾರಿಯಾಯಿತು. ಈಗ ತಮ್ಮ ಬಾಡಿಗೆ ಟ್ರ್ಯಾಕ್ಟರಿನಿಂದ ಹೊಲ ಮಾಡಿಸುತ್ತಾನೆ, ಆದರೆ ಸೋಮವಾರ ಅದನ್ನೂ ಹೊಲಕ್ಕೆ ಬಿಡುವುದಿಲ್ಲ. ಕಬ್ಬಿಣಕ್ಕೂ ರಜೆ.

ಆ ಸೋಮವಾರದ ಏಟು ಬೀಳುವುದು ನನ್ನ ಮೇಲೆ. ಹೊಲದ ಕೆಲಸ ಇಲ್ಲದ ದಿನ ಸುತ್ತಲಿನ ಹಳ್ಳಿಗಳೆಲ್ಲ ಹುಮನಾಬಾದಿನ ದವಾಖಾನೆಗೆ ಬರುತ್ತವೆ. ಹದಿನಾರು ವರ್ಷದಿಂದ ನಾನು ಅಲ್ಲಿ ಚೀಟಿ ಬರೆಯುತ್ತಿದ್ದೇನೆ. ಕಲ್ಯಾಣದಿಂದ ಬೆಳಗಿನ ಬಸ್ಸು, ಸಂಜೆ ಅದೇ ದಾರಿ. ಮೊದಲಿಗೆ ನಾನು ಒಳ್ಳೆಯ ಹರಟೆಮಲ್ಲಿ. "ಮಗಳ ಬಾಣಂತನ ಆತೇನ್ರಿ?" "ಮೊಣಕಾಲ ಹ್ಯಾಂಗದ?" ಎಂದು ಕೇಳದೆ ಚೀಟಿ ಕೊಟ್ಟವಳಲ್ಲ. ಆಮೇಲೆ ಜೊತೆಗಿದ್ದ ಹುಡುಗಿ ಮದುವೆಯಾಗಿ ಹೋದಳು, ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಆರೋಗ್ಯ ಕಾರ್ಡಿನ ಅರ್ಜಿ ತುಂಬುವುದು ಬಂತು. ರಕ್ತಪರೀಕ್ಷೆಯ ವರದಿಯನ್ನು ಮೊಬೈಲಿಗೆ ಕಳಿಸುವುದು ಬಂತು. ಬಸ್ಸಿನಲ್ಲಿದ್ದರೂ, ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ಫೋನು. ಯಾವುದೋ ಒಂದು ದಿನ ಬರೆಯುವಾಗ ತಲೆ ಎತ್ತುವುದನ್ನು ಬಿಟ್ಟೆ. ಕಿವಿಯಿಂದ ಬಂದದ್ದು ನೇರ ಕೈಗೆ ಇಳಿಯುತ್ತಿತ್ತು, ನಡುವೆ ನಾನು ಇರಲೇ ಇಲ್ಲ.

ನಾಚಿಕೆಯ ಮಾತೆಂದರೆ, ಇದು ನನಗೆ ಹೆಮ್ಮೆಯಾಗಿತ್ತು. "ಇವರು ಕೂತ್ರ ಲೈನ್ ನಿಲ್ಲಂಗಿಲ್ಲ" ಎಂದು ದೊಡ್ಡ ಡಾಕ್ಟರು ಒಮ್ಮೆ ಬಂದವರ ಮುಂದೆ ಹೇಳಿದರು. ಆ ಒಂದು ಮಾತಿನ ಮೇಲೆ ನಾನು ಎರಡು ವರ್ಷ ಊಟ ಬಿಟ್ಟು ದುಡಿದೆ.

ಮನೆಯಲ್ಲಿ ನಗೆಪಾಟಲಿಗೂ ಕಡಿಮೆ ಇರಲಿಲ್ಲ. ನನ್ನ ಗಂಡ ಹೆದ್ದಾರಿಯ ಬಂಗ್ಲಾ ಸ್ಟಾಪಿನ ಹತ್ತಿರ ಲಾರಿಗಳಿಗೆ ಬಣ್ಣ ಹಚ್ಚುವವರು, ಮೆತ್ತನೆಯ ಮನುಷ್ಯ. ಒಂದು ದಿನ ಊಟಕ್ಕೆ ಕೂತು, "ಬ್ಯಾಳ್ಯಾಗ ಉಪ್ಪ ಕಡಿಮಿ ಆಗ್ಯದ" ಎಂದರು. ನಾನು ತಟ್ಟೆಯಿಂದ ಕಣ್ಣು ತೆಗೆಯದೆ, "ಎಷ್ಟ ದಿನದಿಂದ?" ಎಂದು ಕೇಳಿದೆ. ಅವರು ನಕ್ಕು ನಕ್ಕು ನೆತ್ತಿಗೇರಿಸಿಕೊಂಡರು. ಮರುದಿನ ಇಡೀ ಶೆಡ್ಡಿಗೆ ಹೇಳಿ ಬಂದರು. ನಾನೂ ನಗಬೇಕಿತ್ತು. ನಗು ಬರಲಿಲ್ಲ, ಅದು ನಗುವ ಮಾತು ಎಂದು ತಿಳಿಯಿತು ಅಷ್ಟೇ.

ಇನ್ನೂ ಇವೆ. ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ಮನೆಗೆ ವಾಪಸು ಬರುತ್ತಿತ್ತು. ಎರಡು ಸಲ ಮನೆ ಬಂತೆಂದು ನಡುದಾರಿಯ ರಾಜೇಶ್ವರದಲ್ಲೇ ಇಳಿದೆ. ಭಾನುವಾರ ಬೆಳಗ್ಗೆ ಎದ್ದು ಸೀರೆಯುಟ್ಟು ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ. ಹೀಗೆಲ್ಲ ಆದರೆ ಜೋಕೆ ಎಂದು ಹೇಳುವ ದೊಡ್ಡದೊಂದು ಕಾಗದ ನಮ್ಮ ದವಾಖಾನೆಯಲ್ಲೇ ಇದೆ. 'ಅತಿಯಾದ ದಣಿವಿನ ಲಕ್ಷಣಗಳು' ಎಂದು ಮೇಲೆ ಕೆಂಪಕ್ಷರ, ಕೆಳಗೆ ತಲೆ ಹಿಡಿದುಕೊಂಡ ಹೆಂಗಸಿನ ಚಿತ್ರ. ಅದನ್ನು ಅಂಟಿಸಿದವಳು ನಾನೇ. ಬಂದವರಿಗೆ ಚೆನ್ನಾಗಿ ಕಾಣಲಿ ಎಂದು ನನ್ನ ಕುರ್ಚಿಯ ಹಿಂದಿನ ಗೋಡೆಗೆ ಅಂಟಿಸಿದೆ. ನನ್ನೆದುರು ಸಾಲಿನಲ್ಲಿ ನಿಂತ ಊರೂರಿನ ಹೆಣ್ಣುಮಕ್ಕಳು ಅದನ್ನು ಓದಿದರು, ಮತ್ತು ಅದರ ಕೆಳಗೆ ಕೂತ ನನ್ನನ್ನು ನೋಡಿದರು. ಅವರಿಗೆ ಏನನ್ನಿಸಿತೋ.

ಅವ್ವ ಹೋದದ್ದು ಬೆಳಗಿನ ಹೊತ್ತು. ಮುಖ ತೊಳೆಯಲು ಹೋದವಳು ಗೋಡೆಗೆ ಒರಗಿ ಕೂತಳಂತೆ, ಮತ್ತೆ ಏಳಲಿಲ್ಲ. ಹೃದಯ ಎಂದರು. ನಾನು ಕೊಡಂಬಲಕ್ಕೆ ಹೋಗಿ ಎಲ್ಲವನ್ನೂ ನಿಂತು ಮಾಡಿಸಿದೆ. ಬೀಗರಿಗೆ ಫೋನು, ಬಂದವರಿಗೆ ಚಹಾ, ಹೂವು, ಗಾಡಿ. ತಮ್ಮ ಅವ್ವನ ಪಾದಕ್ಕೆ ಹಣೆ ಹಚ್ಚಿ ಅಳುತ್ತಿದ್ದರೆ ನಾನು ಅವನ ಹೆಂಡತಿಗೆ, "ಆಧಾರ್ ಕಾರ್ಡ್ ಎಲ್ಲಿ ಇಟ್ಟೀರಿ?" ಎಂದು ಕೇಳುತ್ತಿದ್ದೆ. ಮಣ್ಣಿಗೆ ಬಂದವರು, "ಗಟ್ಟಿ ಹೆಣ್ಣಮಗಳು ನೋಡ್ರಿ" ಎಂದು ಹೊಗಳಿದರು. ಗಟ್ಟಿಯೇನಲ್ಲ. ಒಳಗೆ ಕೈ ಹಾಕಿ ಹುಡುಕಿದರೂ ಏನೂ ಸಿಗುತ್ತಿರಲಿಲ್ಲ. ನಾಲ್ಕನೆಯ ದಿನ ಮತ್ತೆ ಚೀಟಿ ಬರೆಯಲು ಕೂತೆ.

ತಿಂಗಳಾದ ಮೇಲೆ ಸಂಚಿ ಬಿಚ್ಚಿದೆ. ಚೀಟಿಯ ಮೇಲಿದ್ದ ತಾರೀಕು ಅವ್ವ ಹೋಗುವುದಕ್ಕೆ ನಾಲ್ಕು ತಿಂಗಳು ಮೊದಲಿನದು. ಕ್ಯಾಲೆಂಡರ್ ನೋಡಿದೆ, ಸೋಮವಾರ. ಹಿಂದಿನ ಬದಿಯಲ್ಲಿ ಡಾಕ್ಟರು ಏನೂ ಬರೆದಿರಲಿಲ್ಲ.

ಚೀಟಿ ತೆಗೆದುಕೊಂಡು ಹೋಗಿ ಶಾಹೀನಳಿಗೆ ತೋರಿಸಿದೆ. ಶಾಹೀನ್ ನಮ್ಮಲ್ಲಿಯ ನರ್ಸು, ನನ್ನ ಮಗ್ಗುಲ ಮೇಜಿನಲ್ಲೇ ಕೂತು ಬಿಪಿ ನೋಡುವವಳು. ಕಲ್ಯಾಣದ ಹಳೆಯ ಮನೆತನದ ಹುಡುಗಿ, ನನ್ನ ಜೊತೆಗೇ ಬಸ್ಸಿನಲ್ಲಿ ಬರುತ್ತಾಳೆ. ಚೀಟಿ ನೋಡಿದವಳೇ ಮುಖ ಮುಚ್ಚಿಕೊಂಡಳು.

"ಮಾಫ್ ಮಾಡ್ರಿ ಅಕ್ಕಾ. ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ರು" ಎಂದಳು.

"ಯಾರು?"

"ಅಮ್ಮಾನೇ. ಚೀಟಿ ತಗೊಂಡು ಬಂದು ನನ್ನ ಬಾಜೂಕ ಬಾಕಿನ ಮ್ಯಾಲ ಕುಂತ್ರು. ಭಾಳೊತ್ತು ನಿಮ್ಮನ್ನೇ ನೋಡ್ಕೋತ ಕುಂತಿದ್ರು. ಯಾಕ್ರಿ ಅಮ್ಮ, ಡಾಕ್ಟರ್ ಹಂತೇಕ ಹೋಗಂಗಿಲ್ಲೇನು ಅಂದೆ. ಆಕಿ ನನ್ನ ಮಗಳವ್ವ ಅಂದ್ರು."

"ನನ್ನ ಕರೀಬೇಕಿತ್ತಲ್ಲ ಶಾಹೀನ್."

"ಏಳಾಕತ್ತಿದ್ದೆ ಅಕ್ಕಾ, ಕೈ ಹಿಡದ್ರು. 'ಬ್ಯಾಡ ಯವ್ವಾ, ಕೆಲಸದಾಗ ಅದಾಳ. ಆಮ್ಯಾಲ ಗೊತ್ತಾದ್ರ ಮನಸ್ಸಿಗಿ ಹಚ್ಕೋತಾಳ, ಹೇಳಬ್ಯಾಡ. ಸುಸ್ತ ಏನ್ ಇವತ್ತಿಂದಲ್ಲ. ಆಕಿನ ನೋಡಬೇಕು ಅನಿಸಿತ್ತು, ನೋಡಿದೆ' ಅಂದ್ರು. ಎದ್ದು ಹೋದ್ರು."

ಡಾಕ್ಟರು ನೋಡಿದ್ದರೆ ಅವ್ವ ಉಳಿಯುತ್ತಿದ್ದಳೇ? ನನಗೆ ಗೊತ್ತಿಲ್ಲ. ದಿನಾ ಎದುರಿಗೇ ಓಡಾಡುವ ಡಾಕ್ಟರನ್ನು ಇವತ್ತಿನವರೆಗೆ ನಾನು ಕೇಳಿಲ್ಲ. ಕೇಳುವ ಧೈರ್ಯ ನನಗಿಲ್ಲ.

ಆ ದಿನ ಮಧ್ಯಾಹ್ನ ನನ್ನ ಕೈ ನಿಂತಿತು. ಎದುರಿಗಿದ್ದವರು ಹೆಸರು ಹೇಳುತ್ತಿದ್ದಾರೆ, ಪೆನ್ನು ಏಳುತ್ತಿಲ್ಲ. ಸಣ್ಣ ಡಾಕ್ಟರು, ಅಂದರೆ ದೊಡ್ಡವರ ಸೊಸೆ, ಒಳಗೆ ಕರೆದು ಕೂರಿಸಿ ಒಂದಿಷ್ಟು ಪ್ರಶ್ನೆ ಕೇಳಿದರು. "ದುಡದ ದುಡದ ಒಳಗ ಬರಿದಾಗೂದು, ಇದಕ್ಕ ಬರ್ನ್‌ಔಟ್ ಅಂತೀವ್ರಿ. ಮೊದಲೇ ಹೇಳಬಾರದೇನು ನೀವು?" ಎಂದರು. ಹೇಳಬೇಕಿದ್ದ ಅವ್ವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹದಿನೈದು ದಿನ ರಜೆ ಬರೆದರು. ನಡೆಯಿರಿ, ನಿದ್ದೆ ಮಾಡಿರಿ, ಫೋನು ದೂರ ಇಡಿರಿ, ಮನಸ್ಸಿಗೆ ಹಿತವಾದದ್ದು ಮಾಡಿರಿ ಎಂದು ಒಂದೊಂದಾಗಿ ಹೇಳಿದರು. ಎಲ್ಲ ಒಳ್ಳೆಯ ಮಾತುಗಳೇ, ನಿಮಗೂ ಹೇಳುತ್ತೇನೆ, ಕೇಳಿ. ನನಗೆ ಮಾತ್ರ ಹೊತ್ತು ಮೀರಿತ್ತು. ಹದಿನೈದು ದಿನ ಬಾಗಿಲಲ್ಲಿ ಕೂತು ಬೀದಿ ನೋಡಿದೆ. ಹಿತವಾದದ್ದು ಯಾವುದು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಬತ್ತಾಸು ತರಿಸಿದೆ. ಬಾಯಿಗೆ ಹಾಕಿಕೊಂಡರೆ ಸಿಹಿ ಎನ್ನುವುದು ಗೊತ್ತಾಯಿತು, ಅದರಿಂದ ಏನೂ ಆಗಲಿಲ್ಲ. ಗಂಡ ದಿನಾ ಸಂಜೆ ಕೆಲಸದಿಂದ ಬಂದು ನನ್ನ ಮುಖ ನೋಡಿ, "ಹ್ಯಾಂಗದ?" ಎನ್ನುತ್ತಿದ್ದರು. ಅಪ್ಪ ಎತ್ತಿನ ಎದುರು ಕೂತ ಹಾಗೆಯೇ ಕೂರುತ್ತಿದ್ದರು. ಪಾಪ, ಅವರಿಗೆ ನೋಡಲು ಏನೂ ಸಿಗುತ್ತಿರಲಿಲ್ಲ. ಅವ್ವನಿಗಾಗಿ ನಾನು ಇನ್ನೂ ಅತ್ತಿಲ್ಲ. ಅಳು ಬರಲಿ ಎಂದು ಕಾಯುವ ಸ್ಥಿತಿ ನಿಮಗೆ ಬಾರದಿರಲಿ.

ರಜೆ ಮುಗಿಸಿ ಮತ್ತೆ ಅದೇ ಕುರ್ಚಿಗೆ ಬಂದಿದ್ದೇನೆ. ಹಿಂದಿನ ಗೋಡೆಯ ಕಾಗದವನ್ನು ಎದುರಿನ ಗೋಡೆಗೆ ಅಂಟಿಸಿದೆ. ಈಗ ಪ್ರತಿ ಹೆಸರಿಗೂ ತಲೆ ಎತ್ತಿ ಮುಖ ನೋಡುತ್ತೇನೆ. ಲೈನು ಬಾಗಿಲಾಚೆ ಹೋಗುತ್ತದೆ, ಜನ ಬೈಯುತ್ತಾರೆ, ದೊಡ್ಡ ಡಾಕ್ಟರು ಈಗ ನನ್ನ ಬಗ್ಗೆ ಏನೂ ಹೇಳುವುದಿಲ್ಲ. ಕೊಡಂಬಲ ಎಂದು ಕಿವಿಗೆ ಬಿದ್ದರೆ ಪೆನ್ನು ಕೆಳಗಿಟ್ಟೇ ನೋಡುತ್ತೇನೆ. ನೋಡಬೇಕಾದ ಮುಖ ಮಾತ್ರ ಬಂದು ಹೋಗಿಯಾಗಿದೆ.

ಕಳೆದ ಸೋಮವಾರ ಒಬ್ಬ ಮುದುಕಿ ಗಂಡನ ಹೆಸರು ಕೇಳಿದ್ದಕ್ಕೆ ಸೆರಗು ಬಾಯಿಗಿಟ್ಟುಕೊಂಡು ಮೊಮ್ಮಗಳ ಕಡೆ ನೋಡಿದಳು. ಮೊಮ್ಮಗಳು ಹೇಳಿದಳು, ಬರೆದುಕೊಂಡೆ. ಮಧ್ಯಾಹ್ನ ಜನ ಕರಗಿದ ಮೇಲೆ ಶಾಹೀನಳನ್ನು ಕೇಳಿದೆ, ಇಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತನ್ನು. "ಅವತ್ತು ಅಪ್ಪನ ಹೆಸರ ಯಾರು ಹೇಳಿದ್ರು?"

ಶಾಹೀನ್ ಬಿಪಿ ಪಟ್ಟಿಯನ್ನು ಸುತ್ತಿ ಪಕ್ಕಕ್ಕಿಟ್ಟಳು.

"ಅವ್ರೇ ಹೇಳಿದ್ರು ಅಕ್ಕಾ. ಮೊದಲ ನೀವು ಗಂಡನ ಹೆಸರ ಅಂತ ಕೇಳಿದಾಗ ಹೇಳಲಿಲ್ಲ. ಸೆರಗ ಬಾಯಿಗಿಟ್ಕೊಂಡು, ನಿಮ್ಮ ಮಾರಿ ನೋಡ್ಕೋತ ಸುಮ್ನ ನಿಂತ್ರು. ನಗಾಕತ್ತಿದ್ರು ಅಕ್ಕಾ. ಯಾಕ ನಗಾಕತ್ತಾರ ಅಂತ ನನಗ ತಿಳೀಲಿಲ್ಲ. ನೀವು ಜಲ್ದಿ ಹೇಳ್ರಿ ಅಮ್ಮ, ಹಿಂದ ಮಂದಿ ಅದಾರ ಅಂದ್ರಿ. ಆವಾಗ ಹೇಳಿದ್ರು, ಸಣ್ಣ ದನಿಯಾಗ."

ಯಾಕೆ ನಗುತ್ತಿದ್ದಳು ಎಂದು ಶಾಹೀನಳಿಗೆ ನಾನು ಹೇಳಲಿಲ್ಲ. ಮಗಳು ಬತ್ತಾಸಿಗಾಗಿ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ ಎಂದುಕೊಂಡಿದ್ದಳು ಅವ್ವ. ಆಟ ಅಲ್ಲವೆಂದು ಅವಳಿಗೆ ತಿಳಿದದ್ದು ನಾನು ಎರಡನೆಯ ಸಲ ಕೇಳಿದಾಗ.